ಶಮೀಮ್ ಆಂಟಿಯ ಬೋರ್ಡಿಗೆ ಯಾರ ಮುಖ

ನನ್ನ ಕ್ಯಾಮೆರಾ ಬ್ಯಾಗಿನ ತಳ ಕೊಡವಿದರೆ ಏನೇನು ಬೀಳುತ್ತದೆ ಎಂದು ಹೇಳಿದರೆ ನೀವು ನನ್ನನ್ನು ಫೋಟೋಗ್ರಾಫರ್ ಎಂದು ನಂಬಲಿಕ್ಕಿಲ್ಲ. ಮೊನ್ನೆ ಭಾನುವಾರ ಕೊಡವಿದೆ. ಸೇಫ್ಟಿ ಪಿನ್ನುಗಳ ಗೊಂಚಲು, ಯಾವಳೋ ಮದುಮಗಳ ಬಿಂದಿ ಹಾಳೆ, ಮಕ್ಕಳನ್ನು ನಗಿಸುವ ಗಿಲಕಿ, ಕಾಗದಕ್ಕೇ ಅಂಟಿಕೊಂಡ ಪೆಪ್ಪರ್‌ಮಿಂಟು, ಕೊನೆಗೆ ಬಟ್ಟೆ ಒಣಹಾಕುವ ಒಂದು ನೀಲಿ ಕ್ಲಿಪ್ಪು. ಉಳಿದವನ್ನೆಲ್ಲ ಮತ್ತೆ ಬ್ಯಾಗಿಗೇ ತುಂಬಿದೆ. ಕ್ಲಿಪ್ಪನ್ನು ಮಾತ್ರ ಬೆರಳಿಗೆ ಕಚ್ಚಿಸಿಕೊಂಡು ಕೂತೆ. ಅಡುಗೆಮನೆಯಿಂದ ಅಮ್ಮ, "ಕಾಫಿ ಆರ್ತಿದೆ ಕಣೇ" ಎಂದದ್ದು ಕೇಳಿಸಿತು. ಎದ್ದು ಹೋಗುವಷ್ಟರಲ್ಲಿ ಕೆನೆ ಕಟ್ಟಿತ್ತು.

ಈ ಕ್ಲಿಪ್ಪಿನ ವಿಷಯ ಹೇಳಬೇಕಾದರೆ ಮೊದಲು ಕೋಟಿನ ವಿಷಯ ಹೇಳಬೇಕು. ನಾನು ಕೆಲಸ ಮಾಡುವುದು ಆರ್‌.ಟಿ. ನಗರದ ಒಂದು ಸಣ್ಣ ಸ್ಟುಡಿಯೋದಲ್ಲಿ. ಅಲ್ಲಿ ಗೋಡೆಯ ಮೊಳೆಗೆ ಒಂದು ಕರಿ ಕೋಟು ತೂಗುಹಾಕಿದೆ. ಪಾಸ್‌ಪೋರ್ಟ್ ಸೈಜಿನ ಫೋಟೋಗೆ ಬರುವ ಗಂಡಸರಿಗೆಲ್ಲ ಅದೊಂದೇ ಕೋಟು. ಅದನ್ನು ಹೊಲಿಸಿದಾತ ಯಾರೋ ಭಾರೀ ಆಸಾಮಿ ಇದ್ದಿರಬೇಕು. ಬಂದವರೆಲ್ಲ ಅದರೊಳಗೆ ಮುಳುಗಿಹೋಗುತ್ತಾರೆ. ಆಗ ನಾನು ಬೆನ್ನ ಹಿಂದೆ ಬಟ್ಟೆಯನ್ನು ಒಟ್ಟುಮಾಡಿ ಹಿಡಿದು ಕ್ಲಿಪ್ ಹಾಕುತ್ತೇನೆ. ಎದುರಿನಿಂದ ನೋಡಿದರೆ ತಹಶೀಲ್ದಾರರು, ಹಿಂದಿನಿಂದ ನೋಡಿದರೆ ಒಣಹಾಕಿದ ಬಟ್ಟೆ. ಫೋಟೋದಲ್ಲಿ ಎದುರು ಮಾತ್ರ ಬರುವುದರಿಂದ ಈ ನಾಡಿನಲ್ಲಿ ಎಷ್ಟೋ ಜನ ಗೌರವದಿಂದ ಬದುಕಿದ್ದಾರೆ.

ನಾನೇನು ಹುಟ್ಟುತ್ತಲೇ ಕ್ಯಾಮೆರಾ ಹಿಡಿದವಳಲ್ಲ. ಯಲಹಂಕದ ಶಾಲೆಯಲ್ಲಿ ತೆಗೆದ ನನ್ನ ಎಲ್ಲ ಗ್ರೂಪ್ ಫೋಟೋಗಳಲ್ಲೂ ನನ್ನ ಕಣ್ಣು ಮುಚ್ಚಿದೆ. ಫೋಟೋ ತೆಗೆಯಲು ಬರುತ್ತಿದ್ದವರು "ಯಾರೂ ಕಣ್ಣು ಮಿಟುಕಿಸ್ಬಾರ್ದು" ಎಂದು ಗದರಿಸುತ್ತಿದ್ದರು. ಮಿಟುಕಿಸಬಾರದು ಎಂದು ನಾನು ಎಷ್ಟು ಗಟ್ಟಿಯಾಗಿ ನಿಶ್ಚಯಿಸುತ್ತಿದ್ದೆನೆಂದರೆ, ಆ ನಿಶ್ಚಯದ ಭಾರಕ್ಕೇ ರೆಪ್ಪೆ ಮುಚ್ಚಿಕೊಳ್ಳುತ್ತಿತ್ತು. ಮನೆಗೆ ಬಂದವರಿಗೆ ಅಮ್ಮ ಈಗಲೂ ಆ ಫೋಟೋ ತೋರಿಸಿ, "ಮೂರನೇ ಸಾಲಲ್ಲಿ ನಿದ್ದೆ ಮಾಡ್ತಿದಾಳಲ್ಲ, ಅವಳೇ ನಮ್ ಪಲ್ಲವಿ" ಎನ್ನುತ್ತಾಳೆ. ಬಹುಶಃ ಅದಕ್ಕೇ ನಾನು ಕ್ಯಾಮೆರಾದ ಈ ಕಡೆಗೆ ಬಂದದ್ದು. ಇಲ್ಲಿ ಒಂದು ಕಣ್ಣು ಮುಚ್ಚಿದರೆ ಅದಕ್ಕೆ ಕೆಲಸ ಎನ್ನುತ್ತಾರೆ.

ನನಗೆ ಎಂಟನೆಯ ಕ್ಲಾಸಿನಿಂದ ಡೈರಿ ಬರೆಯುವ ಚಟ. ದೊಡ್ಡ ಚಿಂತನೆಗಳೇನೂ ಇಲ್ಲ. ತಾರೀಕು, ಬಿಸಿಲೋ ಮೋಡವೋ, ಎಷ್ಟು ಫೋಟೋ ತೆಗೆದೆ, ಎಷ್ಟು ಚೆನ್ನಾಗಿ ಬಂತು, ಅಷ್ಟೇ. ಇಂಥ ಸ್ವಭಾವದವರಿಗೆ ಫೋಟೋ ಚಾಲೆಂಜ್ ಎಂಬುದು ಜಾರುವ ನೆಲ. ಇಂಟರ್‌ನೆಟ್ಟಿನಲ್ಲಿ ಅವು ರಾಶಿ ರಾಶಿ ಸಿಗುತ್ತವೆ. ಮದುವೆ, ನಾಮಕರಣ, ಪಾಸ್‌ಪೋರ್ಟು ಎಂದು ದಿನವಿಡೀ ಬೇರೆಯವರು ಹೇಳಿದ್ದನ್ನೇ ತೆಗೆದವಳಿಗೆ, ನನ್ನದೂ ಒಂದು ಇರಲಿ ಎನ್ನಿಸುವುದು ತಪ್ಪೇ? ನಮ್ಮ ಸ್ಟುಡಿಯೋ ಓನರ್ ಮಾತ್ರ ಇದನ್ನು ಒಪ್ಪುವುದಿಲ್ಲ. "ಬಿಟ್ಟಿ ಫೋಟೋ ತೆಗೆಯೋದಕ್ಕೆ ಈಗ ಚಾಲೆಂಜ್ ಅಂತಾರೆ" ಎನ್ನುತ್ತಾರೆ.

ಮೊದಲು ಹಿಡಿದದ್ದು ದಿನಕ್ಕೊಂದು ಹಳದಿ ವಸ್ತು. ಒಂದು ವಾರ ಸುಖವಾಗಿ ಹೋಯಿತು. ಅರಿಶಿನ, ಸೇವಂತಿಗೆ, ಚಿತ್ರಾನ್ನ, ಬಾಳೆಹಣ್ಣು. ಆಮೇಲೆ ನಮ್ಮ ಊರಿನಲ್ಲಿ ಹಳದಿಯೇ ಇಲ್ಲವೇನೋ ಅನ್ನಿಸತೊಡಗಿತು. ಒಂದು ಸಂಜೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಹಳದಿ ಅಂಗಿಯವರೊಬ್ಬರ ಹಿಂದೆ ಹಿಂದೆಯೇ ಹೋಗುತ್ತಿದ್ದೆ. ಅವರು ತಟ್ಟನೆ ತಿರುಗಿ, "ಏನ್ ಮೇಡಂ, ಯಾರ್ ಬೇಕಿತ್ತು?" ಎಂದರು. "ಯಾರೂ ಇಲ್ಲ ಸರ್, ನಿಮ್ ಅಂಗಿ" ಎಂದೆ. ಆ ದಿನದ ಎದುರು ಡೈರಿಯಲ್ಲಿ ಒಂದು ಗೆರೆ ಎಳೆದು ಆ ಚಾಲೆಂಜನ್ನು ಮುಗಿಸಿದೆ. ಆಮೇಲೆ ಬಂದದ್ದು ಗುರುತಿಲ್ಲದವರ ಭಾವಚಿತ್ರ. ಯಶವಂತಪುರ ಸ್ಟೇಷನ್ನಿನ ಹೊರಗೆ ಟೀ ಕುಡಿಯುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. ಅವರು ಒಪ್ಪಿ, ಕೂತು, ಮಾತಿಗೆ ಶುರುಮಾಡಿ, ತಮ್ಮ ಮಂಡಿನೋವಿನಿಂದ ಹಿಡಿದು ಅಳಿಯನ ಕೋಪದವರೆಗೆ ಎಲ್ಲ ಹೇಳಿ, ಎರಡನೆಯ ಮಗಳ ಮದುವೆಗೆ ಕರೆದು ಹೋದರು. ಗುರುತಿಲ್ಲದವರ ಲೆಕ್ಕದಿಂದ ಅವರನ್ನು ತೆಗೆದುಹಾಕದೆ ಬೇರೆ ದಾರಿ ಉಳಿಯಲಿಲ್ಲ. ಮದುವೆಗೆ ಹೋಗಿದ್ದೆ, ದೊಡ್ಡ ಅಳಿಯ ನಿಜವಾಗಿಯೂ ಕೋಪಿಷ್ಠ.

ಇವೆಲ್ಲ ಬಿದ್ದುಹೋದ ಮೇಲೆ ನಾನೇ ಒಂದು ಚಾಲೆಂಜ್ ಹುಟ್ಟಿಸಿದೆ: ಮುಖವಿಲ್ಲದ ಭಾವಚಿತ್ರ. ನಿಯಮ ಇಷ್ಟೇ. ಒಬ್ಬರ ಫೋಟೋ ತೆಗೆಯಬೇಕು, ಮುಖ ಕಾಣಬಾರದು. ಅದನ್ನು ಪೋಸ್ಟ್‌ಕಾರ್ಡಿನಷ್ಟು ದೊಡ್ಡದು ಪ್ರಿಂಟ್ ಹಾಕಿ ಅವರನ್ನು ಬಲ್ಲ ಮೂರನೆಯವರಿಗೆ ತೋರಿಸಬೇಕು. ಅವರು ಹೆಸರು ಹೇಳಿದರೆ ಪ್ರಿಂಟಿನ ಹಿಂದೆ ಒಂದು ರೈಟು, ಹೇಳದಿದ್ದರೆ ಇಂಟು. ನಾನು ಸುಳಿವು ಕೊಡುವಂತಿಲ್ಲ, ಹುಬ್ಬನ್ನೂ ಆಡಿಸುವಂತಿಲ್ಲ.

ಮೊದಲ ರೈಟು ಅಪ್ಪನದು. ಅಪ್ಪ ಸ್ಕೂಟರ್ ಮೇಲೆ ಕೂತ ಬೆನ್ನನ್ನು ಅಟ್ಟೂರಿನ ನಮ್ಮ ಮನೆ ತಿರುವಿನಲ್ಲಿ ತೆಗೆದಿದ್ದೆ. ಎದುರುಮನೆಯ ಗೌಡರು ಒಂದೇ ಸಲಕ್ಕೆ, "ನಿಮ್ಮಪ್ಪ ಅಲ್ವಾ? ಎಡಕ್ಕೆ ಇಂಡಿಕೇಟರ್ ಹಾಕಿ ಬಲಕ್ಕೆ ತಿರುಗ್ತಾ ಇದಾರಲ್ಲ" ಎಂದರು. ಮೊದಲ ಇಂಟು ಅಜ್ಜಿಯದು. ಜಕ್ಕೂರು ಕೆರೆಯ ದಂಡೆಯಲ್ಲಿ ಸೀರೆಯ ಕೆಳಗೆ ಬಿಳಿ ಬೂಟು ಹಾಕಿಕೊಂಡು ವಾಕಿಂಗ್ ಹೋಗುವ ಅಜ್ಜಿಯ ಕಾಲು. ಲೋಕದಲ್ಲಿ ನಮ್ಮ ಅಜ್ಜಿ ಒಬ್ಬಳೇ ಹೀಗೆ ಎಂದು ನಂಬಿದ್ದೆ. ಅಲ್ಲೇ ವಾಕಿಂಗಿಗೆ ಬರುವ ಮೂವರಿಗೆ ತೋರಿಸಿದರೆ ಮೂವರೂ ತಂತಮ್ಮ ಮನೆಯ ಅಜ್ಜಿಯ ಹೆಸರು ಹೇಳಿದರು. ಹೀಗೆ ಕೆಲವು ತಿಂಗಳು ನಡೆಯಿತು. ರೈಟುಗಳಿಗಿಂತ ಇಂಟುಗಳೇ ಹೆಚ್ಚು. ಆದರೂ ಬಿಡಲಾಗಲಿಲ್ಲ. ಒಬ್ಬರ ಬೆನ್ನನ್ನು ನೋಡಿ ಇನ್ನೊಬ್ಬರು ಹೆಸರು ಹೇಳಿದಾಗ ಹುಟ್ಟುವ ಸಂತೋಷ ಇದೆಯಲ್ಲ, ಮದುಮಗಳ ಆಲ್ಬಮ್ಮಿನಲ್ಲಿ ಅದು ನನಗೆ ಸಿಕ್ಕಿರಲಿಲ್ಲ.

ಈಗ ಕ್ಲಿಪ್ಪಿಗೆ ಬರುತ್ತೇನೆ. ಅದನ್ನು ಕೊನೆಯ ಬಾರಿ ಹಾಕಿದ್ದು ರಹಮತ್ ಅಂಕಲ್ ಬೆನ್ನಿಗೆ.

ರಹಮತ್ ಅಂಕಲ್ ಸ್ಕೂಲ್ ವ್ಯಾನ್ ಓಡಿಸುತ್ತಾರೆ. ಅವರ ಹೆಂಡತಿ ಶಮೀಮ್ ಆಂಟಿ ನಮ್ಮ ಸ್ಟುಡಿಯೋದ ಹಿಂದಿನ ಗಲ್ಲಿಯಲ್ಲಿ, ಮೊದಲನೆಯ ಮಹಡಿಯ ಮನೆಯಲ್ಲಿ ಕೂತು ಬ್ಲೌಸು ಹೊಲಿಯುತ್ತಾರೆ. ನಾನು ಹೈಸ್ಕೂಲಿನಲ್ಲಿ ಇದ್ದಾಗಲೇ ಅವರು ಹೊಲಿಯುತ್ತಿದ್ದರು ಎನ್ನುತ್ತಾರೆ ಗಲ್ಲಿಯವರು. ನನ್ನ ಬ್ಲೌಸುಗಳಿಗೆ ಕೈ ಎತ್ತಿ ಕ್ಯಾಮೆರಾ ಹಿಡಿಯಲು ಬರುವ ಹಾಗೆ ಕಂಕುಳಲ್ಲಿ ಸ್ವಲ್ಪ ಸಡಿಲ ಬಿಟ್ಟು ಹೊಲಿದುಕೊಟ್ಟವರು ಅವರೇ. ಮಧ್ಯಾಹ್ನ ಗಿರಾಕಿ ಇಲ್ಲದಾಗ ನಾನು ಅವರ ಮನೆಗೆ ಹೋಗಿ ಕೂರುವುದು ಅಭ್ಯಾಸ. ಮನೆಯಲ್ಲಿ ಅವರವರಲ್ಲಿ ಮಾತು ಉರ್ದು. ನಾನು ಇದ್ದರೆ ಎಲ್ಲರೂ ಕನ್ನಡಕ್ಕೆ ತಿರುಗುತ್ತಾರೆ, ಜಗಳವನ್ನೂ ಕನ್ನಡದಲ್ಲೇ ಆಡುತ್ತಾರೆ.

ಆಂಟಿ ಮೇನ್ ರೋಡಿನಲ್ಲಿ ಅಂಗಡಿ ಹಿಡಿದರು. ಶುಕ್ರವಾರ ಓಪನಿಂಗ್ ಎಂದು ನಿಶ್ಚಯವಾಗಿತ್ತು. ಅದಕ್ಕೆ ಹಿಂದಿನ ಭಾನುವಾರ ನಾನು ಅಲ್ಲಿ ಟೀ ಕುಡಿಯುತ್ತ ಕೂತಿದ್ದಾಗ ಅವರ ಮೈದುನ ಇಲಿಯಾಸ್ ಬಂದ. ಯಶವಂತಪುರದಲ್ಲಿ ಅವನದು ಫ್ಲೆಕ್ಸ್ ಪ್ರಿಂಟಿಂಗ್. ಹುಟ್ಟುಹಬ್ಬ, ಗಣೇಶ, ಈದು, ಗೆದ್ದ ಪುಢಾರಿ, ಸೋತ ಪುಢಾರಿ, ಯಾರದೇ ಆಗಲಿ ಅವನ ಕೈಯಲ್ಲಿ ಮುಖ ಹೊಳೆಯುತ್ತದೆ. ಮೊಬೈಲು ಮುಂದೆ ಚಾಚಿ, "ಭಾಭಿ, ಬೋರ್ಡ್ ಡಿಸೈನ್ ರೆಡಿ" ಎಂದ.

ಎಲ್ಲರೂ ಬಗ್ಗಿ ನೋಡಿದೆವು. ಹಿಂದೆ ಗುಲಾಬಿ ತೋಟ. ನಡುವೆ ಬಾಗಿಲಗಲ ರಹಮತ್ ಅಂಕಲ್ ಮುಖ, ಕೊರಳಿಗೆ ಕೆಂಪು ಟೈ, ಮೈಮೇಲೆ ನಮ್ಮ ಸ್ಟುಡಿಯೋದ ಕರಿ ಕೋಟು. ವ್ಯಾನ್ ಲೈಸೆನ್ಸಿಗೆಂದು ನಾನೇ ತೆಗೆದ ಫೋಟೋ. ಬೆನ್ನಿನ ಕ್ಲಿಪ್ಪು ನನಗೊಬ್ಬಳಿಗೆ ಕಾಣುತ್ತಿತ್ತು. ಬಲಗಡೆ ಮೂಲೆಯಲ್ಲಿ ಕಪ್ಪು ಕನ್ನಡಕದ ಇಲಿಯಾಸ್. ಕೆಳಗೆ 'ಶುಭ ಕೋರುವವರು' ಎಂದು ಅಣ್ಣತಮ್ಮಂದಿರ ಸಾಲು. 'ಶಮೀಮ್ ಲೇಡೀಸ್ ಟೈಲರ್' ಎಂಬುದು ಅಂಕಲ್ ಟೈ ಮೇಲೆ ಅಡ್ಡಡ್ಡ ಇತ್ತು.

ಮೊದಲು ಬಾಯಿಬಿಟ್ಟವರು ಅಂಕಲ್. "ಲೋ, ನನ್ ಶರ್ಟ್ ಗುಂಡಿ ಕಿತ್ತೋದ್ರೆ ಇವ್ಳೇ ಹಾಕ್ಬೇಕು. ನನ್ ಮುಖ ನೋಡಿ ಯಾವ್ ಹೆಂಗ್ಸು ಬ್ಲೌಸ್ ಪೀಸ್ ಕೊಡ್ತಾಳೋ?"

"ಭಾಯ್, ಬೋರ್ಡ್ ಅಂದ್ಮೇಲೆ ಮುಖ ಇರ್ಬೇಕು. ಮುಖ ಇಲ್ದಿರೋ ಬೋರ್ಡು 'ಮನೆ ಬಾಡಿಗೆಗಿದೆ' ಅಂತ ಬರ್ದಂಗೆ ಇರುತ್ತೆ."

ಆಂಟಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟರು. "ಇಲಿಯಾಸ್, ಅಂಗಡಿ ಯಾರ್ದು?"

"ನಿಮ್ದೇ ಭಾಭಿ."

"ಹೊಲ್ಯೋರ್ ಯಾರು?"

"ನೀವೇ."

"ಮತ್ತೆ ಇವ್ರ ಮುಖ ಕೈಕು, ಯಾಕೆ?"

"ನಿಮ್ದು ಹಾಕೋಣ ಅಂದ್ರೆ ನೀವೇ ಬೇಡ ಅಂತೀರಲ್ಲ."

ಅದು ನಿಜ. ಆಂಟಿ ಹೊರಗೆ ಹೋಗುವಾಗ ಮುಖ ಮುಚ್ಚಿಕೊಳ್ಳುವವರು. ಮದುವೆ ಮನೆಯಲ್ಲೂ ಕ್ಯಾಮೆರಾ ತಿರುಗಿದ ಕಡೆಯಿಂದ ಎದ್ದು ಹೋಗುವವರು. ಚುಚ್ಚಿಟ್ಟ ಸೂಜಿಯನ್ನು ಮತ್ತೆ ಬಟ್ಟೆಯಿಂದ ಎಳೆದು ತೆಗೆದರು. ಆಮೇಲೆ ಹೇಳಿದರು: "ನನ್ ಮುಖ ರಸ್ತೆಗೆ ನಕ್ಕೋ, ಬೇಡ. ಬಿಸ್ಲಲ್ಲಿ ಒಣಗಿ, ಮಳೇಲಿ ನೆಂದು, ಕೊನೆಗೆ ಯಾರೋ ಕಿತ್ಕೊಂಡ್ ಹೋಗಿ ಆಡಿನ್ ಶೆಡ್ಡಿಗೆ ಹೊದಿಸ್ತಾರೆ. ಆದ್ರೆ ಬೋರ್ಡಲ್ಲಿ ನಾನೇ ಇರ್ಬೇಕು. ಇಷ್ಟ್ ವರ್ಷ ಒಳಗೆ ಕೂತು ಹೊಲ್ದೆ. ಈಗ ಹೊರಗೆ ಬರ್ತಿದ್ದೀನಿ. ಇದು ನಂದು ಅಂತ ನೋಡಿದೋರಿಗೆ ಗೊತ್ತಾಗ್ಬೇಕು."

"ಮುಖಾನೂ ಬೇಡ, ನೀವೂ ಇರ್ಬೇಕು. ಹೆಂಗಾಗುತ್ತೆ ಭಾಭಿ?"

ಆಂಟಿ ನನ್ನ ಕಡೆ ತಿರುಗಿದರು. "ನೀನ್ ಏನೋ ಮಾಡ್ತಾ ಇರ್ತೀಯಲ್ಲ ಬೇಟಾ, ತಲೆ ಇಲ್ದಿರೋ ಫೋಟೋ."

"ತಲೆ ಇರುತ್ತೆ ಆಂಟಿ. ಮುಖ ಇರಲ್ಲ."

ಇಲಿಯಾಸ್ ಗಹಗಹಿಸಿ ನಕ್ಕ. ಆದರೆ ಅವನು ವ್ಯಾಪಾರಸ್ಥ, ಷರತ್ತು ಹಾಕಿದ. "ಸರಿ ಸಿಸ್ಟರ್. ಬುಧವಾರ ಸಾಯಂಕಾಲ ಮಿಷನ್ನಿಗೆ ಹಾಕ್ತೀನಿ. ಅಷ್ಟರಲ್ಲಿ ನಿಮ್ ಫೋಟೋ ತನ್ನಿ. ಭಾಭಿ ಗಿರಾಕಿಗಳು ಮೂರ್ ಜನಕ್ಕೆ ನಾನೇ ತೋರಿಸ್ತೀನಿ. ಮೂರೂ ಜನ ಭಾಭಿ ಅಂದ್ರೆ ಅದೇ ಪ್ರಿಂಟು. ಒಬ್ರು ತಪ್ಪಿದ್ರೂ ಭಾಯ್ ಮುಖ, ಕೋಟ್ ಸಮೇತ."

ಅಂಕಲ್ ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ಆಂಟಿಗಿಂತ ಅವರೇ ಹೆಚ್ಚು ಆತಂಕದಲ್ಲಿದ್ದರು.

ಸೋಮವಾರ ನಾನು ಹುಮ್ಮಸ್ಸಿನಲ್ಲಿ ಶುರುಮಾಡಿದೆ. ಆಂಟಿಯ ಮನೆಯಲ್ಲಿ ಕಿಟಕಿಯ ಬೆಳಕು ಬಹಳ ಚೆನ್ನ. ಕತ್ತರಿ ಹಿಡಿದ ಕೈ ತೆಗೆದೆ. ಮಿಷನ್ನಿನ ಮುಂದೆ ಬಗ್ಗಿದ ಬೆನ್ನು ತೆಗೆದೆ. ಪೆಡಲ್ ತುಳಿಯುವ ಪಾದ, ಅದರ ಪಕ್ಕದಲ್ಲಿ ಬಿದ್ದ ಬಣ್ಣದ ಚಿಂದಿಗಳು. ಕುತ್ತಿಗೆಯಿಂದ ಇಳಿಬಿದ್ದ ಟೇಪು. ಒಂದಕ್ಕಿಂತ ಒಂದು ಚೆಂದ ಬಂದವು. ಅಂಕಲ್ ನೋಡಿ, "ಹೌದ್ಹೌದು, ಇವ್ಳೇ, ಪಾದ ಹಿಂಗೇ ಇಡೋದು" ಎಂದರು. ಇಲಿಯಾಸ್ ಕೂಡ ಒಲ್ಲದ ಮನಸ್ಸಿನಿಂದ, "ಭಾಭೀನೇ" ಎಂದ. ನಾನು ಪ್ರಿಂಟಿನ ಹಿಂದೆ ರೈಟು ಹಾಕಿಬಿಟ್ಟೆ.

ಮಂಗಳವಾರ, ಅವನಿಗಿಂತ ಮೊದಲು ನಾನೇ ಒಮ್ಮೆ ಪರೀಕ್ಷೆ ಮಾಡೋಣ ಎಂದು, ಆಂಟಿಯ ಬಳಿ ಹೊಲಿಸುವ ಹೂವಿನ ಅಂಗಡಿಯ ಲಕ್ಷ್ಮಕ್ಕನಿಗೆ ಕತ್ತರಿಯ ಫೋಟೋ ತೋರಿಸಿದೆ. "ಕಟಿಂಗ್ ಶಾಪ್ ಓಪನ್ ಆಗ್ತಿದ್ಯಾ?" ಎಂದರು. ಬೆನ್ನು ತೋರಿಸಿದೆ. "ಯಾರೋ ಪಾಪ, ಬೆನ್ನು ನೋವಿರ್ಬೇಕು." ಪಾದ ತೋರಿಸಿದೆ. ಅವರು ಹೂವು ಕಟ್ಟುವುದನ್ನು ನಿಲ್ಲಿಸಿ, "ನೀನ್ ಆರಾಮಾಗಿದ್ಯೇನಮ್ಮ?" ಎಂದು ಕೇಳಿದರು. ಇನ್ನಿಬ್ಬರು ಗಿರಾಕಿಗಳನ್ನು ಹಿಡಿದು ಕೇಳಿದೆ. ಅವರದೂ ಅದೇ ಕಥೆ. ಟೇಪಿನ ಫೋಟೋ ನೋಡಿದ ಒಬ್ಬಾಕೆ ಅದು ಜಿಮ್ ಜಾಹೀರಾತು ಎಂದಳು.

ಸಂಜೆ ಸ್ಟುಡಿಯೋದಲ್ಲಿ ಕೂತು ಎಲ್ಲ ಪ್ರಿಂಟುಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿದೆ. ಬೆಳಕು ಸರಿಯಿತ್ತು, ಫೋಕಸ್ ಸರಿಯಿತ್ತು. ಮನೆಯವರು ಕಂಡುಹಿಡಿದದ್ದನ್ನು ಗಿರಾಕಿಗಳು ಯಾಕೆ ಕಂಡುಹಿಡಿಯಲಿಲ್ಲ? ಓನರ್ ಹಿಂದೆ ಬಂದು ನಿಂತು ನೋಡಿ, "ಕೋಟಿನ ಫೋಟೋನೇ ಚೆನ್ನಾಗಿದೆಯಲ್ಲ" ಎಂದರು. ರೈಟುಗಳನ್ನೆಲ್ಲ ಹೊಡೆದು ಇಂಟು ಹಾಕಿದೆ. ನನ್ನ ಚಾಲೆಂಜು ಹಾಳಾದರೆ ಹಾಳಾಗಲಿ. ಆದರೆ ಆಂಟಿ ಅಂಗಡಿಗೆ ಹೋಗುವಾಗಲೂ ಬರುವಾಗಲೂ ತಲೆ ಎತ್ತಿದರೆ ಆ ಕೋಟು ಕಾಣುತ್ತದಲ್ಲ, ಅದೂ ನಾನೇ ಕ್ಲಿಪ್ ಹಾಕಿ ಕೂರಿಸಿದ ಕೋಟು.

ಬುಧವಾರ ಮಧ್ಯಾಹ್ನ ಊಟವಾದ ಮೇಲೆ, ಆಗುವುದಿಲ್ಲ ಎಂದು ಹೇಳಿಬಿಡೋಣ ಎಂದೇ ಆಂಟಿಯ ಮನೆಗೆ ಹೊರಟೆ. ಇಲ್ಲಿ ನಿಮಗೆ ಒಂದು ನಾಯಿಯ ಪರಿಚಯ ಮಾಡಿಸಬೇಕು. ಆ ಕಟ್ಟಡದ ಓನರ್ ಕೆಳಗಿನ ಮನೆಯಲ್ಲಿ ಇದ್ದಾರೆ, ಅವರ ನಾಯಿಯನ್ನು ಮೆಟ್ಟಿಲ ಬುಡಕ್ಕೇ ಕಟ್ಟುತ್ತಾರೆ. ಹೆಸರು ಟಾಮಿ. ಗಲ್ಲಿಯಲ್ಲಿ ಅದಕ್ಕೆ ಹೆದರದವರು ಇಬ್ಬರೋ ಮೂವರೋ. ನಾನು ಮೊದಲ ದಿನವೇ ಗ್ಲೂಕೋಸ್ ಬಿಸ್ಕತ್ತು ಕೊಟ್ಟು ಒಪ್ಪಂದ ಮಾಡಿಕೊಂಡಿದ್ದರಿಂದ ನೆಟ್ಟಗೆ ಮೇಲೆ ಹೋಗುತ್ತಿದ್ದೆ. ಆ ದಿನ ಅದಕ್ಕೆ ಸ್ನಾನ ಮಾಡಿಸಿದ್ದರು. ಒದ್ದೆ ಮೈ, ಕೆಟ್ಟ ಕೋಪ. ಬಿಸ್ಕತ್ತನ್ನು ಮೂಸಿಯೂ ನೋಡದೆ ನನ್ನ ಮೇಲೇ ಹಾರಿಬಂತು. ನಾನು ಹಿಂದೆ ಹಿಂದೆ ಸರಿದು ಗಲ್ಲಿಯ ಆಚೆ ಬದಿಯ ಗೋಡೆಗೆ ಅಂಟಿದೆ.

ಅಲ್ಲಿ ಆಗಲೇ ಇಬ್ಬರು ಹೆಂಗಸರು ಕೈಚೀಲ ಹಿಡಿದು, ತಲೆ ಎತ್ತಿ ನಿಂತಿದ್ದರು. ಒಬ್ಬಾಕೆ ಕೂಗಿದಳು: "ಆಂಟೀ, ಹಸ್ರು ಬ್ಲೌಸ್ ಆಯ್ತಾ?"

ಮೇಲೆ ಬಾಲ್ಕನಿಯಲ್ಲಿ ಒಣಹಾಕಿದ ಲಂಗ, ಟವೆಲ್ಲು, ಬೆಡ್‌ಶೀಟು. ಅವುಗಳ ನಡುವಿನಿಂದ ಒಂದು ಕೈ ಹೊರಗೆ ಬಂತು. ಮೊಣಕೈವರೆಗೆ ಹೂವಿನ ತೋಳು, ಮಣಿಕಟ್ಟಿನಲ್ಲಿ ನಾಲ್ಕು ಗಾಜಿನ ಬಳೆ, ನಡುಬೆರಳಿಗೆ ಸೂಜಿ ಚುಚ್ಚದ ಹಾಗೆ ಹಾಕುವ ಉಕ್ಕಿನ ಅಂಗುಸ್ತಾನ. ಮಣಿಕಟ್ಟಿಗೇ ಹಗ್ಗದ ಒಂದು ಸುತ್ತು. ಹಗ್ಗದ ತುದಿಗೆ ಕೆಂಪು ಪ್ಲಾಸ್ಟಿಕ್ ಬುಟ್ಟಿ. ಕೈ ಗಾಳಿಯಲ್ಲಿ ಎರಡು ಬೆರಳು ಎತ್ತಿತು. ಇನ್ನೆರಡು ದಿನ.

"ಹೋದ್ ವಾರಾನೂ ಎರಡೇ ಅಂದ್ರಿ" ಎಂದಳು ಆಕೆ, ನಗುತ್ತ. ಕೈ ಸ್ವಲ್ಪವೂ ಅಲುಗಾಡಲಿಲ್ಲ. ಎರಡು ಎಂದರೆ ಎರಡು. ಆಮೇಲೆ ಬುಟ್ಟಿ ಇಳಿಯಿತು. ಇನ್ನೊಬ್ಬಾಕೆ ಅದರಲ್ಲಿ ಹೊಸ ಬಟ್ಟೆ ಹಾಕಿ, ಅದರ ಮೇಲೆ ಅಳತೆಗೆಂದು ತನ್ನ ಹಳೆಯ ಬ್ಲೌಸು ಇಟ್ಟಳು. ಬುಟ್ಟಿ ಮೇಲೆ ಹೋಯಿತು. ಆಕೆ ಚಪ್ಪಲಿ ಸರಿಮಾಡಿಕೊಂಡು ಹೊರಟುಹೋದಳು. ಒಂದು ಬ್ಲೌಸಿನ ವ್ಯವಹಾರ ಮುಗಿಯಿತು, ಮುಖದ ಅಗತ್ಯವೇ ಬೀಳಲಿಲ್ಲ.

ನಾನು ಟಾಮಿಯನ್ನು ಮರೆತು ಗಲ್ಲಿಯ ನಡುವೆ ನಿಂತುಬಿಟ್ಟೆ. ಸೋಮವಾರ ನಾನು ತೆಗೆದದ್ದೆಲ್ಲ ಮನೆಯೊಳಗಿನ ಆಂಟಿ. ಟಾಮಿಗೆ ಹೆದರಿ ಗಿರಾಕಿಗಳು ಆ ಮನೆಯೊಳಗೆ ಕಾಲಿಟ್ಟವರೇ ಅಲ್ಲ. ಅವರು ಇಷ್ಟು ವರ್ಷ ನೋಡಿದ್ದು ಇಲ್ಲಿಂದ, ಕತ್ತು ನೋಯುವಷ್ಟು ಮೇಲಕ್ಕೆ, ಈ ಕೈಯನ್ನು. ಒಂದು ಪೊಟ್ಟಣ ಬಿಸ್ಕತ್ತಿನಿಂದ ನಾನು ಇದನ್ನು ನೋಡದೆ ಹೋಗಿದ್ದೆ.

ಸ್ಟುಡಿಯೋಗೆ ಓಡಿ ಕ್ಯಾಮೆರಾ ತಂದೆ. ಕೆಳಗಿನಿಂದಲೇ ಕೂಗಿ ವಿಷಯ ಹೇಳಿದೆ. ಬೆಡ್‌ಶೀಟಿನ ಹಿಂದಿನಿಂದ ಆಂಟಿಯ ನಗು ಕೇಳಿಸಿತು. "ಹುಚ್ಚಿ. 'ಎರಡು ದಿನ ಬಿಟ್ಟು ಬಾ' ಅಂತ ಬೋರ್ಡ್ ಹಾಕಿದ್ರೆ ಯಾರ್ ಬರ್ತಾರೆ ಅಂಗಡಿಗೆ?"

"ಎಲ್ರೂ ಬರ್ತಾರೆ ಆಂಟಿ. ಇಷ್ಟ್ ವರ್ಷ ಬಂದಿಲ್ವಾ?"

ಟವೆಲ್ಲು ಒಂದಿಷ್ಟು ಸರಿದು ಮತ್ತೆ ಮುಚ್ಚಿಕೊಂಡಿತು. ಆಮೇಲೆ, "ಮುಖ ಬರಲ್ಲ ತಾನೆ?"

"ಮುಖ ಟವೆಲ್ ಹಿಂದೆ."

"ಹಂಗಾದ್ರೆ ತಗೋ."

ತೆಗೆಯುವುದು ಅಷ್ಟು ಸುಲಭವಾಗಲಿಲ್ಲ. ಮೊದಲನೆಯದಾಗಿ, ಕೈಯ ಹಿಂದೆ ಬರೀ ಬೆಳ್ಳನೆಯ ಆಕಾಶ. ಕೈ ಕಪ್ಪು ಕೋಲಿನಂತೆ ಬರುತ್ತಿತ್ತು. ಸೂರ್ಯ ಪಕ್ಕದ ಮನೆಯ ನೀರಿನ ಟ್ಯಾಂಕಿನ ಹಿಂದೆ ಸರಿಯುವವರೆಗೆ ಕಾದೆ. ಎರಡನೆಯದಾಗಿ, ಫೋಟೋ ಎಂದ ಕೂಡಲೇ ಆಂಟಿಯ ಕೈಯೂ ಪಾಸ್‌ಪೋರ್ಟ್ ಫೋಟೋಗೆ ಕೂತವರ ಹಾಗೆ ಬಿಗಿಯಿತು. ಎರಡು ಬೆರಳು ಸೆಟೆದು ನಿಂತವು. ಯಾವುದೋ ಪಕ್ಷದ ಗುರುತಿನಂತೆ ಕಾಣಿಸಿತು. "ಸಡಿಲ ಬಿಡಿ ಆಂಟಿ" ಎಂದರೆ ಬೆರಳು ಮೂರಾಗುತ್ತಿದ್ದವು. ನಾನು ಕ್ಯಾಮೆರಾ ಕಣ್ಣಿಗಿಟ್ಟುಕೊಂಡೇ ಗೋಡೆಗೆ ಒರಗಿ ನಿಂತೆ. ಆಂಟಿ ಬೇಸತ್ತು ಒಳಗೆ ಹೋದರು. ಮಿಷನ್ ಸದ್ದು ಶುರುವಾಯಿತು. ಸ್ವಲ್ಪ ಹೊತ್ತಿಗೆ ಒಬ್ಬ ಹುಡುಗಿ ಸ್ಕೂಟಿ ನಿಲ್ಲಿಸಿ, ಹೆಲ್ಮೆಟ್ಟನ್ನೂ ತೆಗೆಯದೆ ಕೂಗಿದಳು: "ಆಂಟೀ, ನಾಳೆ ರಿಸೆಪ್ಷನ್, ನನ್ ಬ್ಲೌಸೂ..."

ಕೈ ಬಂತು. ನನ್ನನ್ನು ಮರೆತ ಕೈ. ಬುಟ್ಟಿ ಇನ್ನೂ ತೂಗಾಡುತ್ತಿತ್ತು, ಬಳೆ ಮೊಣಕೈಗೆ ಜಾರಿತ್ತು, ಬೆರಳುಗಳಲ್ಲಿ ಒಂಥರಾ ಸಮಾಧಾನವೂ ಗದರಿಕೆಯೂ ಒಟ್ಟಿಗೆ ಇತ್ತು. ತೆಗೆದೆ.

ಆ ಹುಡುಗಿಯ ಬ್ಲೌಸು ಮಾತ್ರ ಆಗಲೇ ಬುಟ್ಟಿಯಲ್ಲಿತ್ತು. ಬೆರಳು ಅಭ್ಯಾಸಬಲದಿಂದ ಎದ್ದದ್ದು ಎಂದು ಆಂಟಿಯೇ ಆಮೇಲೆ ಒಪ್ಪಿಕೊಂಡರು.

ಸಾಯಂಕಾಲ ಇಲಿಯಾಸ್ ಬಂದು ಪ್ರಿಂಟನ್ನು ತಿರುಗಿಸಿ ಮುರುಗಿಸಿ ನೋಡಿದ. "ಬಟ್ಟೆ ಒಣಾಕಿರೋದ್ ತೆಗೆದಿದ್ದೀರಾ ಸಿಸ್ಟರ್?" ಎಂದ. ಅವನೂ ಮನೆಯೊಳಗಿನವನೇ, ಕೆಳಗೆ ನಿಂತು ಕೂಗಿದವನಲ್ಲ. ನನಗೆ ಸ್ವಲ್ಪ ಧೈರ್ಯ ಬಂತು. ಅವನ ಹಿಂದೆ ಹೊರಟೆ. ಅಂಕಲ್ ವ್ಯಾನನ್ನು ರಸ್ತೆ ಬದಿಗೆ ಹಾಕಿ ನಮ್ಮ ಹಿಂದೆ ಬಂದರು.

ಲಕ್ಷ್ಮಕ್ಕ ಪ್ರಿಂಟ್ ಕೈಗೆ ತೆಗೆದುಕೊಳ್ಳಲೂ ಇಲ್ಲ. ದೂರದಿಂದಲೇ, "ಶಮೀಮ್ ಆಂಟಿ. ನನ್ ಎರಡು ಬ್ಲೌಸ್ ಅವ್ರತ್ರಾನೇ ಇದೆ" ಎಂದರು. ಇಲಿಯಾಸ್ ನನ್ನ ಹುಬ್ಬನ್ನು ಪರೀಕ್ಷಿಸಿದ. ಅದು ಕದಲಿರಲಿಲ್ಲ.

ಎರಡನೆಯವರು ಬ್ಯಾಂಕಿನಿಂದ ಮನೆಗೆ ಹೊರಟಿದ್ದ ಒಬ್ಬ ಮೇಡಂ. "ಇದು ನಮ್ ಟೈಲರ್ ಆಂಟಿ ಅಲ್ವಾ? ಯಾಕೆ, ಅವ್ರು ಮನೆ ಬಿಡ್ತಿದಾರಾ?" ಎಂದು ಗಾಬರಿಯಾದರು. ಅಂಗಡಿ ಹಾಕುತ್ತಿದ್ದಾರೆ ಎಂದಾಗ, "ಸದ್ಯ, ಆ ನಾಯಿ ಕಾಟ ತಪ್ತು" ಎಂದರು.

ಮೂರನೆಯವರನ್ನು ಇಲಿಯಾಸ್ ಭಾಭಿಯ ಗಿರಾಕಿಗಳಲ್ಲೇ ಬೇಕೆಂದು ಹುಡುಕಿ ಆರಿಸಿದ. ಅಂಗಡಿ ಜಗಲಿಯ ಮೇಲೆ ಕೂತಿದ್ದ ಒಬ್ಬ ಮುದುಕಮ್ಮ. ಶೆಟ್ಟಿಹಳ್ಳಿಯಿಂದ ಮಗಳ ಮನೆಗೆ ಬಂದವರು, ಕನ್ನಡಕದ ಒಂದು ಕಡೆ ಗಾಜು ಬಿರುಕು. ಅವರು ಪ್ರಿಂಟನ್ನು ಕಣ್ಣಿನ ಹತ್ತಿರ ತಂದರು, ದೂರ ಹಿಡಿದರು, ಬೆಳಕಿಗೆ ತಿರುಗಿಸಿದರು. ಇಲಿಯಾಸ್ ಮೊಬೈಲಿನಲ್ಲಿ ಗುಲಾಬಿ ತೋಟದ ಡಿಸೈನನ್ನು ಆಗಲೇ ತೆರೆದಿದ್ದ. ಅಂಕಲ್ ನೆಲ ನೋಡುತ್ತಿದ್ದರು.

ಮುದುಕಮ್ಮ ಪ್ರಿಂಟನ್ನು ನನ್ನ ಕೈಗೆ ಕೊಟ್ಟು ನಿಟ್ಟುಸಿರು ಬಿಟ್ಟರು. "ಇನ್ನೂ ಎಲ್ಡ್ ದಿನ ಅಂತಾವ್ಳಾ? ಅಬ್ಬಕ್ಕೆ ಬೇಕು ಅಂತ ಏಳಿದ್ನಲ್ಲಮ್ಮ ಆ ಸಮೀಮಮ್ಮಂಗೆ."

ರಹಮತ್ ಅಂಕಲ್ ಮುಖ ಅಷ್ಟು ಅರಳಿದ್ದನ್ನು ನಾನು ಯಾವ ಫೋಟೋದಲ್ಲೂ ತೆಗೆದಿಲ್ಲ. "ನಾನ್ ಬದುಕ್ಕೊಂಡೆ" ಎಂದರು. ಇಲಿಯಾಸ್ ಒಳ್ಳೆಯವನು. ಸೋತ ಮೇಲೆ ಕೂಗಾಡಲಿಲ್ಲ. ಮುದುಕಮ್ಮನಿಗೆ ಕೈಮುಗಿದು, ನನಗೆ ಮಾತ್ರ ಕೇಳಿಸುವ ಹಾಗೆ, "ಸಿಸ್ಟರ್, ಕೆಳಗಡೆ ಮೂಲೇಲಿ ನಂದೊಂದು ಚಿಕ್ಕದು ಇರ್ಲಾ?" ಎಂದ. ಆಂಟಿಯನ್ನು ಕೇಳು ಎಂದೆ. ಅವನು ಕೇಳಿದ ಹಾಗೆ ಕಾಣಲಿಲ್ಲ.

ಶುಕ್ರವಾರ ಮಧ್ಯಾಹ್ನ ನಮಾಜು ಮುಗಿದ ಮೇಲೆ ಬೋರ್ಡಿನ ಮೇಲಿನ ಬಟ್ಟೆ ತೆಗೆದರು. ನೀಲಿ ಆಕಾಶ, ಸಾಲು ಬಟ್ಟೆ, ಅವುಗಳ ನಡುವಿನಿಂದ ಆ ಕೈ, ಎರಡು ಬೆರಳು. ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ ಶಮೀಮ್ ಲೇಡೀಸ್ ಟೈಲರ್. ಗುಲಾಬಿ ಇಲ್ಲ, ಟೈ ಇಲ್ಲ, ಶುಭ ಕೋರುವವರೂ ಇಲ್ಲ. ಬಸ್ಸಿಗೆ ಕಾದು ನಿಂತವರು ನೋಡಿ ನಕ್ಕರು. ಸ್ಕೂಟರಿನಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಲ್ಲಿಸಿ, ಒಬ್ಬರಿಗೊಬ್ಬರು ಬೆರಳು ತೋರಿಸಿ ನಕ್ಕು, ಬಟ್ಟೆ ತರುತ್ತೇವೆ ಎಂದು ಹೇಳಿ ಹೋದರು. ನಮ್ಮ ಓನರ್ ಶರಬತ್ತು ಕುಡಿಯಲು ಬಂದವರು ಬಹಳ ಹೊತ್ತು ತಲೆ ಎತ್ತಿ ನಿಂತಿದ್ದರು. ಆಮೇಲೆ, "ನಾಳೆಯಿಂದ ಸ್ಟುಡಿಯೋ ಬಾಗಿಲಲ್ಲಿ ಬರ್ದು ಹಾಕು: ಮುಖ ಇಲ್ಲದ ಫೋಟೋನೂ ತೆಗೆಯಲಾಗುವುದು" ಎಂದರು. ಅಷ್ಟರಲ್ಲಿ ಎದುರಿನ ಟೀ ಅಂಗಡಿಯವನು ರಸ್ತೆ ದಾಟಿ ಬಂದು, "ಮೇಡಂ, ನಂದೂ ಒಂದು. ಬರೀ ಟೀ ಹೊಯ್ಯೋ ಕೈ. ಮುಖ ನಂಗೂ ಅಷ್ಟೇನ್ ಚೆನ್ನಾಗಿಲ್ಲ" ಎಂದ. ಆ ರಾತ್ರಿ ಡೈರಿಯಲ್ಲಿ ಏನು ಬರೆದೆ ಎಂದು ಹೇಳುವುದಿಲ್ಲ, ನಿಮಗೆ ಜಂಬ ಅನ್ನಿಸಬಹುದು.

ಆಂಟಿ ಅಂಗಡಿಯೊಳಗೆ ಕೂತಿದ್ದರು. ಹೆಂಗಸರ ಅಂಗಡಿ, ಬಾಗಿಲಿಗೆ ದಪ್ಪ ಪರದೆ. ಒಳಗೆ ಮುಖದ ಬಟ್ಟೆ ತೆಗೆದು, ಹೊಸ ಮಿಷನ್ನಿನ ಪಕ್ಕ, ಏನು ಮಾಡಬೇಕೆಂದು ತಿಳಿಯದ ಮದುಮಗಳ ಹಾಗೆ. ನಾನು ಸ್ಟೂಲಿನ ಮೇಲೆ ಕೂತು ಖರ್ಜೂರ ತಿನ್ನುತ್ತಿದ್ದೆ. ಪರದೆ ಸರಿಸಿ ಒಬ್ಬಾಕೆ ಬಂದಳು. ಬುಧವಾರ ಗಲ್ಲಿಯಲ್ಲಿ ನಿಂತು ಹಸಿರು ಬ್ಲೌಸಿಗಾಗಿ ಕೂಗುತ್ತಿದ್ದವಳೇ. ಒಳಗೆಲ್ಲ ಒಮ್ಮೆ ಕಣ್ಣಾಡಿಸಿ, ಆಂಟಿಯನ್ನು ನೇರವಾಗಿ ನೋಡಿ ಕೇಳಿದಳು: "ಶಮೀಮ್ ಆಂಟಿ ಇನ್ನೂ ಬಂದಿಲ್ವಾ?"

ನಾನು ಬಾಯಿ ತೆರೆದೆ. ಆಂಟಿ ನನ್ನತ್ತ ಕಣ್ಣಲ್ಲೇ ಸುಮ್ಮನಿರು ಎಂದರು. ಬಾಯಲ್ಲಿದ್ದ ಎರಡು ಗುಂಡುಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಬಳೆ ಹಿಂದಕ್ಕೆ ಸರಿಸಿದರು. ಆಮೇಲೆ ಕೈಯನ್ನು ಎತ್ತಿ, ಎರಡು ಬೆರಳು ತೋರಿಸಿದರು.

ಆಕೆ ಬೆರಳನ್ನು ನೋಡಿದಳು, ಆಂಟಿಯ ಮುಖವನ್ನು ನೋಡಿದಳು, ಮತ್ತೆ ಬೆರಳನ್ನು ನೋಡಿದಳು. "ಅಯ್ಯೋ, ನೀವೇನಾ?" ಎಂದು ನನ್ನ ಪಕ್ಕದ ಸ್ಟೂಲ್ ಎಳೆದುಕೊಂಡು ಕೂತು, ಚೀಲ ಬಿಚ್ಚಿ, ಇನ್ನೂ ಮೂರು ಬ್ಲೌಸ್ ಪೀಸುಗಳನ್ನು ಮೇಜಿನ ಮೇಲೆ ಹರಡಿದಳು.